‘ಮೊದಲ ಮಹಿಳೆ’ ಎಂಬ ಬಿರುದಿನ ಆಚೆಗೆ: ಕೆ.ಎಸ್. ನಾಗರತ್ನಮ್ಮ

ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆ ಕನ್ನಡ ಸಂಶೋಧನೆಗೆ ಹೊಸದಲ್ಲ. ಮಾದಪ್ಪನ ಕಾವ್ಯದ ಸಂಕಮ್ಮ, ಬೇವಿನಹಟ್ಟಿ ಕಾಳಮ್ಮ, ರಂಗಪ್ಪನ ಕೈಹಿಡಿದ ಸೋಲಿಗರ ಕುಸುಮಾಲೆ ಇವರನ್ನು ಕುರಿತು ನಮ್ಮ ವಿಭಾಗಗಳಲ್ಲಿ ಗಂಭೀರ ಚರ್ಚೆ ನಡೆದಿದೆ. ಆದರೆ ಇದೇ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಆಯ್ಕೆಯಾಗಿ ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದ ಕೆ.ಎಸ್. ನಾಗರತ್ನಮ್ಮನವರ ಪ್ರಸ್ತಾಪ ಬಂದಾಗ ಮಾತ್ರ ನಾವು ‘ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು’ ಎಂಬ ಒಂದೇ ವಾಕ್ಯಕ್ಕೆ ತೃಪ್ತರಾಗುತ್ತೇವೆ. ಈ ವಾಕ್ಯ ನಿಜವಾದರೂ ಸಾಲದು ಎಂಬುದು ಪ್ರಸ್ತುತ ಲೇಖನದ ನಿಲುವು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ನಡೆದ ಚುನಾವಣೆಯಲ್ಲಿ ನಾಗರತ್ನಮ್ಮನವರು ನೆರೆಯ ಗುಂಡ್ಲುಪೇಟೆಯಿಂದ ಪಕ್ಷೇತರರಾಗಿ ಗೆದ್ದರು. ಆ ಕ್ಷೇತ್ರ ಅವರನ್ನು ಒಟ್ಟು 7 ಬಾರಿ ಆರಿಸಿ ಕಳುಹಿಸಿತು. 1972ರಿಂದ 1978ರವರೆಗೆ ಅವರು ಸಭಾಧ್ಯಕ್ಷರಾಗಿದ್ದರು. ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರಿಡುವ ನಿರ್ಣಯವನ್ನು 1972ರಲ್ಲಿ ಸದನ ಅಂಗೀಕರಿಸಿದ್ದೂ, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಶಾಸನವಾದದ್ದೂ ಈ ಅವಧಿಯಲ್ಲಿಯೇ. 1978ರಲ್ಲಿ ಸೋತ ಅವರು 1983ರಲ್ಲಿ ಮರಳಿ ಗೆದ್ದು, ಅದೇ ದಶಕದಲ್ಲಿ ವಿರೋಧಪಕ್ಷದ ನಾಯಕಿಯೂ ಆದರು. 1993ರಲ್ಲಿ ನಿಧನರಾದರು.

‘ಮೊದಲ’ ಎಂಬುದು ಕ್ರಮಸಂಖ್ಯಾವಾಚಕ. ಮೊದಲಿನದಕ್ಕೆ ಎರಡನೆಯದೊಂದು ಇರಬೇಕೆಂಬ ನಿರೀಕ್ಷೆ ಆ ಪದದಲ್ಲಿಯೇ ಅಡಗಿದೆ. ಆದರೆ 1978ರ ನಂತರ ಇಂದಿನವರೆಗೆ ನಮ್ಮ ವಿಧಾನಸಭೆಗೆ ಇನ್ನೊಬ್ಬ ಮಹಿಳಾ ಸಭಾಧ್ಯಕ್ಷರು ಬಂದಿಲ್ಲ. ಗುಂಡ್ಲುಪೇಟೆಯಿಂದಲೂ ಮತ್ತೊಬ್ಬ ಮಹಿಳೆ ಶಾಸಕಿಯಾದದ್ದು 2017ರ ಉಪಚುನಾವಣೆಯಲ್ಲಿ, ಗೀತಾ ಮಹದೇವಪ್ರಸಾದ್ ಅವರ ಮೂಲಕ. ಹೀಗಿರುವಾಗ ‘ಮೊದಲ ಮಹಿಳೆ’ ಎಂಬ ಬಿರುದು ಗೌರವ ಸೂಚಿಸುತ್ತಲೇ ಆನಂತರದ ಶೂನ್ಯವನ್ನೂ ಮರೆಮಾಚುತ್ತದೆ.

ಅರ್ಹತೆಯಿದ್ದವರಿಗೆ ಮೀಸಲಾತಿ ಬೇಕಿಲ್ಲ ಎನ್ನುವವರು ನಾಗರತ್ನಮ್ಮನವರನ್ನು ಸುಲಭವಾಗಿ ಉದಾಹರಿಸಬಹುದು. ಆದರೆ ಸ್ಥಳೀಯ ಸಂಸ್ಥೆಗಳ ಅನುಭವ ಬೇರೆಯೇ ಆಗಿದೆ. ಕರ್ನಾಟಕದ 1983ರ ಕಾಯಿದೆ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 74ನೆಯ ಸಂವಿಧಾನ ತಿದ್ದುಪಡಿ ನಗರಸಭೆ, ಪುರಸಭೆಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನ ಕಾದಿರಿಸಿತು. ಅಲ್ಲಿಂದೀಚೆಗೆ ಸಣ್ಣ ಊರುಗಳಲ್ಲಿಯೂ ಮೊದಲಿಗರ ಹಿಂದೆ ಎರಡನೆಯವರು, ಮೂರನೆಯವರು ಬಂದಿದ್ದಾರೆ. ಅವರಲ್ಲಿ ಕೆಲವರ ಹೆಸರಿನಲ್ಲಿ ಪತಿಯೋ ಮಗನೋ ಆಡಳಿತ ನಡೆಸುತ್ತಾರೆಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೂ ಬಾಗಿಲು ತೆರೆದದ್ದು ನಿಯಮವೇ ಹೊರತು ಅಪವಾದವಲ್ಲ. ಶಾಸನಸಭೆಗಳಿಗೆ ಅಂಥದೇ ಮೀಸಲಾತಿ ಕಲ್ಪಿಸುವ 2023ರ ತಿದ್ದುಪಡಿಗೆ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆಗಳ ಷರತ್ತು ಅಂಟಿಕೊಂಡಿತು. ನಾಗರತ್ನಮ್ಮನವರ ಗೆಲುವು ಮೀಸಲಾತಿಯ ವಿರುದ್ಧದ ಸಾಕ್ಷಿಯಲ್ಲ. ಅವರ ನಂತರದ ದೀರ್ಘ ವಿರಾಮ ಅದರ ಪರವಾದ ಸಾಕ್ಷಿ.

ಇದು ರಾಜ್ಯಶಾಸ್ತ್ರದವರ ಕೆಲಸ, ಕನ್ನಡ ವಿಭಾಗಕ್ಕೇನು ಸಂಬಂಧ ಎಂಬ ಪ್ರಶ್ನೆ ಏಳಬಹುದು. ಸದನದ ನಡವಳಿಗಳೂ ಕನ್ನಡದ ಪಠ್ಯಗಳೇ. ಪುರುಷರೇ ತುಂಬಿದ್ದ ಸಭೆಯನ್ನು ಒಬ್ಬ ಮಹಿಳೆ ಯಾವ ಮಾತಿನಿಂದ ನಿಯಂತ್ರಿಸಿದರು, ಸದಸ್ಯರು ಅವರನ್ನು ಹೇಗೆ ಸಂಬೋಧಿಸಿದರು ಎಂಬುದು ಭಾಷೆಯ ಪ್ರಶ್ನೆ. ‘ಅಧ್ಯಕ್ಷರು’ ಎಂಬ ನಮ್ಮ ಗೌರವ ಬಹುವಚನ ಲಿಂಗಭೇದವನ್ನು ಎಣಿಸುವುದಿಲ್ಲ. ವ್ಯಾಕರಣ ತೋರಿದ ಈ ಔದಾರ್ಯವನ್ನು ರಾಜಕಾರಣ ಏಕೆ ತೋರಲಿಲ್ಲ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಮಾದಪ್ಪನ ಕತೆ ಹಾಡುವ ಕಂಸಾಳೆಯವರನ್ನು ಅರಸಿ ಊರೂರು ಅಲೆದ ಪರಂಪರೆ ನಮ್ಮದು. ಅದೇ ಶ್ರದ್ಧೆಯಿಂದ ನಡವಳಿಗಳ ಸಂಪುಟಗಳನ್ನು ಓದಬೇಕು. ನಾಗರತ್ನಮ್ಮನವರಿಗೆ ಮತ ಹಾಕಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ನೆನಪುಗಳನ್ನು ದಾಖಲಿಸಬೇಕು. ಸಂಕಮ್ಮನ ಮಾತನ್ನು ಹಾಡುಗಾರರು ಉಳಿಸಿಕೊಟ್ಟರು. ನಾಗರತ್ನಮ್ಮನವರ ಮಾತನ್ನು ಉಳಿಸುವ ಹೊಣೆ ನಮ್ಮದು.