ಹಿರಿಯರಿಗೆ ನಮ್ಮ ಕೋಚ್, ಕಿರಿಯರಿಗೆ ವಿದೇಶಿ ಗುರು

ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ಪುರುಷರ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆದರು. ಆ ಹುದ್ದೆಗೆ ಭಾರತೀಯರೊಬ್ಬರು ನೇಮಕಗೊಂಡು ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು. ಮೊದಲ ಟೂರ್ನಿಯಲ್ಲೇ ಅವರ ತಂಡ ಒಮಾನ್‌ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಮೂರನೇ ಸ್ಥಾನ ಪಡೆಯಿತು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತದ್ದರಿಂದ 2027ರ ಏಷ್ಯಾ ಕಪ್‌ನ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧವೂ ಸೋಲಾಯಿತು. ಇಂಥ ಸೋಲಿನ ಬೆನ್ನಿಗೇ ಮತ್ತೆ ವಿದೇಶಿ ಕೋಚ್ ತರೋಣ ಎಂಬ ಮಾತು ಏಳುವುದು ನಮ್ಮಲ್ಲಿ ವಾಡಿಕೆ. ಆ ದಾರಿಯನ್ನು ಮತ್ತೆ ಹಿಡಿಯಬಾರದು. ಹಿರಿಯರ ತಂಡವನ್ನು ಭಾರತೀಯರೇ ನಡೆಸಬೇಕು. ವಿದೇಶಿ ಪರಿಣತಿಗೆಂದು ಇಟ್ಟ ಹಣ ಬೇರೆ ಕಡೆ ಖರ್ಚಾಗಬೇಕು.

ಇದು ಸ್ವದೇಶಾಭಿಮಾನದ ಮಾತಲ್ಲ, ಕೆಲಸದ ಸ್ವರೂಪದ ಮಾತು. ಕ್ಲಬ್ ಕೋಚ್‌ಗೆ ಆಟಗಾರರು ದಿನವೂ ಸಿಗುತ್ತಾರೆ. ಹೊಸ ಪದ್ಧತಿಯನ್ನು ಕಲಿಸಲು, ತಪ್ಪು ತಿದ್ದಲು, ಮತ್ತೆ ಕಲಿಸಲು ಅವರಿಗೆ ತಿಂಗಳುಗಳಿರುತ್ತವೆ. ರಾಷ್ಟ್ರೀಯ ತಂಡದ ಕೋಚ್‌ಗೆ ಸಿಗುವುದು ಫಿಫಾ ಗೊತ್ತುಮಾಡಿದ ಅವಧಿಯ ಕೆಲವೇ ದಿನಗಳು. ಅಷ್ಟರಲ್ಲಿ ಯಾರಿಗೂ ಹೊಸದಾಗಿ ಫುಟ್‌ಬಾಲ್ ಕಲಿಸಲಾಗದು. ಯಾರು ಯಾರ ಜೊತೆ ಹೊಂದಿಕೊಂಡು ಆಡುತ್ತಾರೆ, ಯಾರು ಒತ್ತಡದಲ್ಲಿ ಕುಸಿಯುತ್ತಾರೆ, ಕೆಳ ಹಂತದ ಲೀಗ್‌ನಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗ ಯಾರು ಎಂಬುದು ಮೊದಲೇ ತಿಳಿದಿರಬೇಕು. ಅದು ತಿಳಿದಿರುವುದು ಇಲ್ಲೇ ಪಳಗಿದ ಕೋಚ್‌ಗೆ.

ವಿದೇಶಿಯರ ಕಾಲದಲ್ಲಿ ಭಾರತ ಗೆದ್ದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಇಂಗ್ಲೆಂಡಿನ ಬಾಬ್ ಹೌಟನ್ 2007 ಮತ್ತು 2009ರ ನೆಹರೂ ಕಪ್ ಗೆಲ್ಲಿಸಿದರು, ತಂಡವನ್ನು 2011ರ ಏಷ್ಯಾ ಕಪ್‌ಗೆ ಕರೆದೊಯ್ದರು. ಕ್ರೊವೇಷಿಯಾದ ಇಗೊರ್ ಸ್ಟಿಮಾಚ್ ಅವರ ತಂಡ 2023ರಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್‌ ವಿರುದ್ಧ ಸ್ಯಾಫ್ ಕಿರೀಟವನ್ನೂ ಪಡೆಯಿತು. ಆದರೆ ಈ ಗೆಲುವುಗಳ ಹಿಂದೆ ಏನಿತ್ತು? ಹೌಟನ್‌ಗೆ ಕ್ಲಬ್‌ಗಳಿಂದ ಆಟಗಾರರನ್ನು ಬಿಡಿಸಿಕೊಂಡು ನಡೆಸಿದ ದೀರ್ಘ ಶಿಬಿರಗಳಿದ್ದವು. ಸ್ಟಿಮಾಚ್‌ಗೆ 2023ರ ಬೇಸಿಗೆಯಲ್ಲಿ ವಾರಗಟ್ಟಲೆ ತಂಡ ಕೈಯಲ್ಲಿತ್ತು. ಅದೇ ಸ್ಟಿಮಾಚ್ 2024ರ ಜನವರಿಯಲ್ಲಿ ಎರಡು ವಾರದ ತಯಾರಿಯೊಂದಿಗೆ ಏಷ್ಯಾ ಕಪ್‌ಗೆ ಹೋದಾಗ ಮೂರೂ ಪಂದ್ಯ ಸೋತರು, ತಂಡ ಒಂದು ಗೋಲೂ ಹೊಡೆಯಲಿಲ್ಲ. ಎದುರಾಳಿಗಳು ಬಲಿಷ್ಠರಾಗಿದ್ದರು, ನಿಜ. ಆದರೂ ವಿದೇಶಿ ವಿದ್ಯೆ ಫಲ ಕೊಡಲು ಸಮಯ ಬೇಕು ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಇಂದಿನ ಲೀಗ್ ವೇಳಾಪಟ್ಟಿಯಲ್ಲಿ ಆ ಸಮಯವೇ ಇಲ್ಲ.

ಸಮಯವಿಲ್ಲದಾಗ ಆಟಗಾರರ ಪರಿಚಯ ಏನು ಮಾಡಬಲ್ಲದು ಎಂಬುದಕ್ಕೆ ಮೊರಾಕ್ಕೊ ಸಾಕ್ಷಿ. 2022ರ ವಿಶ್ವಕಪ್‌ಗೆ ಮೂರು ತಿಂಗಳೂ ಇಲ್ಲದಿರುವಾಗ ಅದು ಬೋಸ್ನಿಯಾದ ವಾಹಿದ್ ಹಲಿಲ್‌ಹೊಜಿಚ್ ಅವರನ್ನು ಬಿಟ್ಟು ವಲೀದ್ ರೆಗ್ರಾಗಿಯನ್ನು ನೇಮಿಸಿತು. ಹಳೆಯ ಕೋಚ್ ಜೊತೆ ಮುನಿಸಿಕೊಂಡು ಹೊರಗುಳಿದಿದ್ದ ಹಕೀಮ್ ಜಿಯೆಶ್ ಅವರನ್ನು ರೆಗ್ರಾಗಿ ವಾಪಸು ಕರೆದರು, ತಂಡ ಸೆಮಿಫೈನಲ್ ತಲುಪಿತು. ರೆಗ್ರಾಗಿ ಹುಟ್ಟಿ ಬೆಳೆದದ್ದು ಫ್ರಾನ್ಸ್‌ನಲ್ಲಿ ಎಂದು ಕೆಲವರು ನೆನಪಿಸಬಹುದು. ಆದರೆ ಅವರು ಮೊರಾಕ್ಕೊ ಪರವಾಗಿ ಆಡಿದವರು, ಅಲ್ಲಿನ ಕ್ಲಬ್‌ಗಳಲ್ಲಿ ಕೋಚ್ ಆಗಿ ಪಳಗಿದವರು. ನಮ್ಮ ಇತಿಹಾಸದಲ್ಲೂ ಹೈದರಾಬಾದ್‌ನ ಕೋಚ್ ಸೈಯದ್ ಅಬ್ದುಲ್ ರಹೀಮ್ ಇದ್ದಾರೆ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಅವರು ಮುಂಚೂಣಿಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧ 2–1ರಿಂದ ಗೆದ್ದ ಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು. ಆಟಗಾರನನ್ನು ಬಲ್ಲವನು ಮಾತ್ರ ತೆಗೆದುಕೊಳ್ಳಬಹುದಾದ ತೀರ್ಮಾನವದು. 2022ರವರೆಗಿನ ಯಾವ ಪುರುಷರ ವಿಶ್ವಕಪ್ಪನ್ನೂ ವಿದೇಶಿ ಕೋಚ್ ಗೆಲ್ಲಿಸಿಲ್ಲ ಎಂಬ ಜನಪ್ರಿಯ ವಾದವನ್ನು ಮಾತ್ರ ನಾನು ಹೆಚ್ಚು ನೆಚ್ಚುವುದಿಲ್ಲ. ಗೆದ್ದ ದೇಶಗಳಲ್ಲಿ ಒಳ್ಳೆಯ ಕೋಚ್‌ಗಳಿಗೆ ಕೊರತೆಯೇ ಇರಲಿಲ್ಲ.

ಕೊರತೆ ಇರುವುದು ನಮ್ಮಲ್ಲಿ, ಅದನ್ನು ತಂದುಕೊಂಡವರೂ ನಾವೇ. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಭಾರತೀಯರೊಬ್ಬರು ಪೂರ್ಣಾವಧಿ ಮುಖ್ಯ ಕೋಚ್ ಆದದ್ದು 2021ರಲ್ಲಿ, ಅದೂ ಇದೇ ಜಮೀಲ್. ಅದಕ್ಕೂ ಮೊದಲು, 2017ರಲ್ಲಿ, ಐಜ್ವಾಲ್‌ನಂಥ ಪುಟ್ಟ ಕ್ಲಬ್‌ಗೆ ಐ–ಲೀಗ್ ಗೆದ್ದುಕೊಟ್ಟವರು ಅವರು. ಹಾಗಿದ್ದೂ ಕಾಯಬೇಕಾಯಿತು, ಉಳಿದವರು ಸಹಾಯಕರಾಗಿಯೇ ವರ್ಷಗಳನ್ನು ಕಳೆದರು. ಅವಕಾಶ ಕೊಡದೆ ಅನುಭವವಿಲ್ಲ ಎನ್ನುವುದು ಅನ್ಯಾಯ. 2025ರ ಜುಲೈನಲ್ಲಿ ಭಾರತೀಯರೇ ಆದ ಕ್ರಿಸ್ಪಿನ್ ಛೆಟ್ರಿ ಮಾರ್ಗದರ್ಶನದಲ್ಲಿ ನಮ್ಮ ಮಹಿಳೆಯರು ಥಾಯ್ಲೆಂಡನ್ನು ಅದರ ನೆಲದಲ್ಲೇ ಮಣಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಹೊಣೆ ಕೊಟ್ಟರೆ ನಿಭಾಯಿಸುವವರಿದ್ದಾರೆ.

ವಿದೇಶಿಯರು ಬೇಕೇ ಬೇಕು, ಆದರೆ ಅವರ ವಿದ್ಯೆಗೆ ಸಮಯ ಸಿಗುವ ಜಾಗದಲ್ಲಿ. ಹದಿನಾಲ್ಕು–ಹದಿನೈದರ ಮಕ್ಕಳಿರುವ ಅಕಾಡೆಮಿಗಳಲ್ಲಿ, ಕಿರಿಯರ ತಂಡಗಳಲ್ಲಿ, ಕೋಚ್‌ಗಳಿಗೇ ಪಾಠ ಹೇಳುವ ಕೋರ್ಸುಗಳಲ್ಲಿ ಅವರು ನಾಲ್ಕೈದು ವರ್ಷ ನೆಲೆ ನಿಲ್ಲಲಿ. ಸ್ಟಿಮಾಚ್ ಅವರನ್ನು ಅವಧಿಗೆ ಮುನ್ನ ಕಳುಹಿಸಿದ್ದಕ್ಕೆ ಭಾರತದ ಫುಟ್‌ಬಾಲ್ ಫೆಡರೇಷನ್ ಒಪ್ಪಿಕೊಂಡ ಪರಿಹಾರ 4 ಲಕ್ಷ ಡಾಲರ್. ಅಂಥ ಮೊತ್ತ ಈ ಕೆಲಸಕ್ಕೆ ಹೋಗಲಿ. ಜೊತೆಗೆ, ಪ್ರತಿ ಐಎಸ್‌ಎಲ್ ಕ್ಲಬ್ಬಿನ ಎರಡನೇ ದರ್ಜೆಯ ತಂಡವನ್ನು ಭಾರತೀಯ ಕೋಚ್ ಕೈಗೆ ಕೊಡುವ ನಿಯಮವನ್ನು ಫೆಡರೇಷನ್ ಮುಂದಿನ ಋತುವಿನಿಂದಲೇ ತರಲಿ.