ಕೃತಕ ದಂತಮೂಲವೂ ವಸಡಿನ ಆರೋಗ್ಯವೂ

ಬಿದ್ದುಹೋದ ಹಲ್ಲಿನ ಸ್ಥಾನದಲ್ಲಿ ದವಡೆಯ ಎಲುಬಿಗೇ ಲೋಹದ ಬೇರೊಂದನ್ನು ನೆಟ್ಟು, ಅದರ ಮೇಲೆ ಹೊಸ ಹಲ್ಲನ್ನು ಕೂರಿಸುವ ಇಂಪ್ಲಾಂಟ್ ಚಿಕಿತ್ಸೆಯು ಈಗ ನಮ್ಮ ಊರುಗಳಲ್ಲಿಯೂ ಬಳಕೆಗೆ ಬಂದಿದೆ. ಮೂರು ವರ್ಷಗಳ ಹಿಂದೆ ನಾವೂ ಒಂದನ್ನು ಹಾಕಿಸಿಕೊಂಡೆವು. ಲೋಹಕ್ಕೆ ಹುಳುಕು ಹಿಡಿಯದಷ್ಟೆ. ಇನ್ನು ಆ ಹಲ್ಲಿನ ಚಿಂತೆ ತೀರಿತೆಂದು ನಿಶ್ಚಿಂತರಾಗಿದ್ದೆವು. ಕಳೆದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜುವಾಗ ಅದರ ಸುತ್ತಲ ವಸಡಿನಲ್ಲಿ ರಕ್ತ ಕಂಡಿತು. ಸುಶ್ರುತಸಂಹಿತೆಯು ದಂತಮೂಲದ ರೋಗಗಳಲ್ಲಿ ಮೊದಲು ಹೇಳುವ ಶೀತಾದವು ವಸಡಿನಿಂದ ರಕ್ತ ಒಸರುವ ರೋಗವೇ. ಇದನ್ನು ಓದಿ ಬಲ್ಲ ನಾವೇ ಹತ್ತು ದಿನ ಅಲಕ್ಷ್ಯ ಮಾಡಿದೆವು! “ಈ ಲೋಹ ನಿಮ್ಮ ಮೈಗೆ ಒಗ್ಗಲಿಲ್ಲ, ತೆಗೆಸಿಬಿಡಿ” ಎಂದು ಮನೆಯವರು ಹೇಳಿದ ಮೇಲೆಯೇ ವೈದ್ಯರ ಬಳಿಗೆ ಹೋದುದು.

ಲೋಹವು ಮೈಗೆ ಒಗ್ಗುವುದೆಂದರೇನು? 1952ರಲ್ಲಿ ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿದ್ವಾಂಸರು ಮೊಲದ ಎಲುಬಿನೊಳಗೆ ಟೈಟೇನಿಯಂ ಲೋಹದ ಚಿಕ್ಕ ಉಪಕರಣವನ್ನು ಇರಿಸಿದ್ದರು. ಬಳಿಕ ತೆಗೆಯಹೋದರೆ ಎಲುಬು ಅದನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಈ ಲೋಹದ ಬೇರುಗಳನ್ನು ಮನುಷ್ಯನ ದವಡೆಗೆ ನೆಟ್ಟರು. ಗಾಳಿ ತಾಕಿದೊಡನೆ ಟೈಟೇನಿಯಂ ಮೇಲೆ ಅತಿಸೂಕ್ಷ್ಮವಾದ ಆಕ್ಸೈಡ್ ಪೊರೆಯು ಹರಡಿಕೊಳ್ಳುತ್ತದೆ. ನಮ್ಮ ಮೈಯನ್ನು ತಾಕುವುದು ಆ ಪೊರೆ.

ಆದರೆ ಎಲುಬು ಒಪ್ಪಿಕೊಂಡಷ್ಟು ದೃಢವಾಗಿ ವಸಡು ಒಪ್ಪಿಕೊಳ್ಳುವುದಿಲ್ಲ. ಹುಟ್ಟುಹಲ್ಲಿನ ಬೇರಿನೊಳಕ್ಕೆ ವಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ. ಕೃತಕ ಬೇರಿನ ಸುತ್ತಲಾದರೋ ಅವು ಕಂಬಕ್ಕೆ ಸುತ್ತಿದ ಹಗ್ಗದಂತೆ ಬಳಸಿ ನಿಲ್ಲುತ್ತವೆ, ಒಳಹೊಗುವುದಿಲ್ಲ. ಅಲ್ಲಿ ರಕ್ತನಾಳಗಳೂ ಕಡಮೆ. ಆದುದರಿಂದ ಕ್ರಿಮಿಗಳಿಗೆ ಒಳದಾರಿ ಸುಲಭ.

ಇದರಿಂದ ವಸಡನ್ನು ದಾಟಿ ಮೇಲೆ ಬರುವ ಕೊರಳಿನ ಭಾಗವು ಯಾವ ವಸ್ತುವಿನದೆಂಬುದು ಮುಖ್ಯವಾಗುತ್ತದೆ. 1998ರಲ್ಲಿ ಪ್ರಕಟವಾದ ನಾಯಿಗಳ ಮೇಲಿನ ಒಂದು ಪರೀಕ್ಷೆಯಲ್ಲಿ ಟೈಟೇನಿಯಂ ಮತ್ತು ಅಲ್ಯೂಮಿನಾ ಪಿಂಗಾಣಿಗೆ ವಸಡು ಚೆನ್ನಾಗಿ ಅಂಟಿಕೊಂಡಿತು. ಚಿನ್ನದ ಮಿಶ್ರಲೋಹದ ಬಳಿ ವಸಡು ಕೆಳಗೆ ಸರಿದು ಎಲುಬೂ ಸವೆಯಿತು. ಮುಂದಿನ ಎಲ್ಲ ಪರೀಕ್ಷೆಗಳಲ್ಲಿಯೂ ಚಿನ್ನದ ವಿಷಯದಲ್ಲಿ ಇದೇ ಫಲ ಬಂದಿಲ್ಲ. ಬೆಳ್ಳಗಿರುವ ಜಿರ್ಕೋನಿಯಾದ ಮೇಲೆ ಪಾಚಿ ಕಡಮೆ ಕಟ್ಟುವುದೆಂದು ಕೆಲವು ಪರೀಕ್ಷೆಗಳು ತೋರಿಸಿವೆ. ವಸಡು ತೆಳುವಾಗಿದ್ದವರಿಗೆ ಟೈಟೇನಿಯಂನ ಬೂದುಬಣ್ಣ ಹೊರಗೆ ಕಾಣುವುದುಂಟು. ಅಂತಹವರಿಗೆ ಜಿರ್ಕೋನಿಯಾ ಒಪ್ಪುತ್ತದೆ. ವಸ್ತುವಿನಷ್ಟೇ ಅದರ ನುಣುಪೂ ಮುಖ್ಯ; ಒರಟಾದ ಮೇಲ್ಮೈಯಲ್ಲಿ ಪಾಚಿ ಬೇಗ ನೆಲೆಸುತ್ತದೆ.

ನಮ್ಮ ವೈದ್ಯರು ಎಕ್ಸ್‌ರೇ ತೆಗೆದು ನೋಡಿ, “ಮೇಷ್ಟ್ರೆ, ದೋಷ ಲೋಹದ್ದಲ್ಲ, ಪಾಚಿಯದು. ಎಲುಬು ಇನ್ನೂ ಗಟ್ಟಿಯಾಗಿದೆ, ತಕ್ಕ ಸಮಯಕ್ಕೆ ಬಂದಿರಿ” ಎಂದರು. ಬಾವು ವಸಡಿನಲ್ಲಿಯೇ ಇರುವಾಗ ಶುದ್ಧಿಯಿಂದ ವಾಸಿಯಾಗುತ್ತದೆ. ಎಲುಬಿಗೆ ಇಳಿದು ಅದನ್ನು ಸವೆಸಿದರೆ ಕಳೆದುದು ಸುಲಭವಾಗಿ ಮರಳದು, ಹಲ್ಲೂ ಸಡಿಲವಾದೀತು. ವೈದ್ಯರು ಪಾಚಿಯನ್ನು ತೆಗೆದು, ಸಂದುಗಳನ್ನು ತಿಕ್ಕುವ ಚಿಕ್ಕ ಬ್ರಷ್ಷನ್ನು ಕೊಟ್ಟರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ತೆಗೆಸುವ ಮಾತೂ ನಿಂತಿತು.

ಆದುದರಿಂದ ಇಂಪ್ಲಾಂಟ್ ಹಾಕಿಸಿಕೊಳ್ಳುವವರು ಕೊರಳಿನ ಭಾಗ ಯಾವ ವಸ್ತುವಿನದು, ಹಲ್ಲನ್ನು ಅಂಟಿಸಿದ ಸಿಮೆಂಟು ವಸಡಿನೊಳಗೆ ಉಳಿದಿಲ್ಲವಷ್ಟೆ, ಸಂದನ್ನು ಶುಚಿಮಾಡುವ ಬಗೆ ಹೇಗೆ ಎಂದು ಮೊದಲೇ ವೈದ್ಯರನ್ನು ಕೇಳಬೇಕು. ಧೂಮಪಾನಿಗಳೂ, ಮಧುಮೇಹ ಹತೋಟಿಯಲ್ಲಿಲ್ಲದವರೂ, ಹಿಂದೆ ವಸಡಿನ ರೋಗವಿದ್ದವರೂ ಹೆಚ್ಚು ಎಚ್ಚರದಿಂದಿರಬೇಕು. ರಕ್ತ ಕಂಡರೆ ನಮ್ಮಂತೆ ಹತ್ತು ದಿನ ಕಾಯಬಾರದು. ಲೋಹಕ್ಕೆ ಹುಳುಕಿಲ್ಲವೆಂಬುದು ನಿಜ; ಅದನ್ನು ಹಿಡಿದು ನಿಂತಿರುವ ವಸಡು ಮಾತ್ರ ಲೋಹದ್ದಲ್ಲ.