ಕೊಂಡವರೇ ಕೊಂದರು

ಪೇಜ್‌ಮೇಕರ್ ತಾನಾಗಿ ಸಾಯಲಿಲ್ಲ. ಅದನ್ನು ಕೊಂಡವರೇ ಕೊಂದರು. ಪುಟ ಕಟ್ಟುವ ಈ ತಂತ್ರಾಂಶದ ಕಡೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. 2004ರ ಜನವರಿಯಲ್ಲಿ ಅಮೆರಿಕಾದ ಅಡೋಬಿ ಕಂಪೆನಿಯು ಇನ್ನು ಇದನ್ನು ಬೆಳೆಸುವುದಿಲ್ಲವೆಂದು ಸಾರಿ ಕೈತೊಳೆದುಕೊಂಡಿತು. ಇಪ್ಪತ್ತು ವರ್ಷ ಕಳೆದ ಮೇಲೂ, ಇದೊಂದಕ್ಕಾಗಿಯೇ ಒಂದು ಮುದಿ ಕಂಪ್ಯೂಟರನ್ನು ಜೋಪಾನ ಮಾಡಿಟ್ಟುಕೊಂಡ ಡಿಟಿಪಿ ಅಂಗಡಿಗಳು ನಮ್ಮ ಊರುಗಳಲ್ಲಿವೆ. ಅದು ಕೆಟ್ಟ ದಿನ ಇವರ ಕಸುಬೂ ಕೆಟ್ಟಂತೆ. ಇಂಥ ಒಡನಾಡಿಗೆ ನಾವು ವಿದಾಯ ಹೇಳಲೇಬೇಕಾಗಿದೆ. ಆದರೆ ಲೆಕ್ಕ ಕೇಳದೆ ಹೇಳುವುದಿಲ್ಲ.

ಗಿರಣಿ ಕಾರ್ಮಿಕರಿಗೂ ಸಣ್ಣ ವ್ಯಾಪಾರಿಗಳಿಗೂ ಕಂಪ್ಯೂಟರಿನ ಗೊಡವೆ ಏಕೆ ಎಂದು ಕೇಳುವವರುಂಟು. ಸಂಘದ ಕರಪತ್ರ, ಮುಷ್ಕರದ ಭಿತ್ತಿಪತ್ರ, ಕಿರಾಣಿ ಅಂಗಡಿಯ ಬಿಲ್‌ಪುಸ್ತಕ, ಮಗಳ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಇವೆಲ್ಲ ಎಲ್ಲಿ ಹುಟ್ಟಿದವು? ಪೇಜ್‌ಮೇಕರಿನ ಪುಟಗಳಲ್ಲಿ ಹುಟ್ಟಿದವುಗಳಿಗೆ ಲೆಕ್ಕವಿಲ್ಲ. ಬಡವನ ಮಾತು ಅಚ್ಚಾಗಿ ಬೀದಿಗೆ ಬಂದ ದಾರಿ ಅದು.

ಪಾಲ್ ಬ್ರೈನರ್ಡ್ ಎಂಬಾತ ಸಿಯಾಟಲ್ ನಗರದಲ್ಲಿ 1984ರಲ್ಲಿ ಆಲ್ಡಸ್ ಎಂಬ ಕಂಪೆನಿ ಕಟ್ಟಿದ. ವೆನಿಸ್ಸಿನ ಹಳೆಯ ಮುದ್ರಕ ಆಲ್ಡಸ್ ಮನೂಷಿಯಸನ ಹೆಸರನ್ನೇ ಅದಕ್ಕಿಟ್ಟ. 1985ರಲ್ಲಿ ಪೇಜ್‌ಮೇಕರ್ ಹೊರಬಂತು. ದೊಡ್ಡ ಬಂಡವಾಳದ ಮುದ್ರಣಾಲಯಗಳಲ್ಲಿ ಮಾತ್ರ ಆಗುತ್ತಿದ್ದ ಕೆಲಸ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರಿಗೆ ಇಳಿಯಿತು. ಕರ್ನಾಟಕದಲ್ಲಿ ಗುಣಿತಾಕ್ಷರ ಒತ್ತಕ್ಷರಗಳ ನೂರಾರು ಖಾನೆಗಳ ಮುಂದೆ ದಿನವಿಡೀ ನಿಂತು ಸೀಸದ ಮೊಳೆ ಜೋಡಿಸಿದ ಕಸುಬಿನವರು ಕುರ್ಚಿಯಲ್ಲಿ ಕುಳಿತು ಕೀಲಿಮಣೆ ಕಲಿತರು. ಶ್ರೀಲಿಪಿ, ಬರಹ, ನುಡಿ ಎಂಬ ಕನ್ನಡದ ಸಲಕರಣೆಗಳು ಪೇಜ್‌ಮೇಕರಿನ ಜೊತೆ ಸೇರಿ ಸಾವಿರಾರು ಕುಟುಂಬಗಳಿಗೆ ಅನ್ನವಾದವು.

ಈಗ ಲೆಕ್ಕಕ್ಕೆ ಬರೋಣ. 1994ರಲ್ಲಿ ಅಡೋಬಿಯು ಆಲ್ಡಸ್ ಕಂಪೆನಿಯನ್ನೇ ನುಂಗಿತು. ಪೇಜ್‌ಮೇಕರ್ ಅದರ ಹೊಟ್ಟೆಗೆ ಹೋಯಿತು. 1999ರಲ್ಲಿ ತನ್ನದೇ ಇನ್‌ಡಿಸೈನ್ ಎಂಬ ಹೊಸ ಸರಕನ್ನು ಪೇಟೆಗೆ ತಂದು, ಐದು ವರ್ಷಗಳಲ್ಲಿ ಹಳೆಯದರ ಬಾಗಿಲು ಮುಚ್ಚಿತು.

ಅದೇ ಖರೀದಿಯಲ್ಲಿ ಫ್ರೀಹ್ಯಾಂಡ್ ಎಂಬ ಚಿತ್ರ ಬಿಡಿಸುವ ತಂತ್ರಾಂಶವೂ ಸಿಕ್ಕಿತ್ತು. ಅಡೋಬಿಯ ಇಲಸ್ಟ್ರೇಟರಿಗೆ ಅದು ನೇರ ಪ್ರತಿಸ್ಪರ್ಧಿ. ಎರಡೂ ಒಬ್ಬನ ಕೈಯಲ್ಲಿರಕೂಡದೆಂದು ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ ಅಡ್ಡಬಂದಿತು. ಫ್ರೀಹ್ಯಾಂಡನ್ನು ಅದನ್ನು ಬರೆದ ಆಲ್ಟ್‌ಸಿಸ್ ಕಂಪೆನಿಗೆ ಹಿಂದಿರುಗಿಸಬೇಕು, ಹತ್ತು ವರ್ಷ ಇಂಥದನ್ನು ಕೊಳ್ಳಕೂಡದು ಎಂಬುದು ಕರಾರು. 1995ರಲ್ಲಿ ಆಲ್ಟ್‌ಸಿಸ್ ಮ್ಯಾಕ್ರೊಮೀಡಿಯಾದ ಪಾಲಾಯಿತು. ಹತ್ತು ವರ್ಷದ ಗಡುವು ತೀರಿದ್ದೇ ತಡ, 2005ರಲ್ಲಿ ಅಡೋಬಿಯು ಸುಮಾರು 340 ಕೋಟಿ ಡಾಲರಿಗೆ ಮ್ಯಾಕ್ರೊಮೀಡಿಯಾವನ್ನೇ ಕೊಂಡಿತು. 2007ರಲ್ಲಿ ಫ್ರೀಹ್ಯಾಂಡಿಗೂ ಮಂಗಳ ಹಾಡಿತು. 2011ರಲ್ಲಿ ಬಳಕೆದಾರರು ಸಂಘ ಕಟ್ಟಿಕೊಂಡು ನ್ಯಾಯಾಲಯದ ಮೆಟ್ಟಿಲೇರಿದರು, 2012ರಲ್ಲಿ ರಾಜಿಯಾಯಿತು. ಫ್ರೀಹ್ಯಾಂಡ್ ಮಾತ್ರ ಮರಳಿ ಬರಲಿಲ್ಲ. ಮುಕ್ತ ಪೈಪೋಟಿಯ ಮಂತ್ರ ಜಪಿಸುವ ಬಂಡವಾಳಶಾಹಿಗೆ ಪೈಪೋಟಿ ಎಂದರೆ ಎಷ್ಟು ಪ್ರೀತಿ ನೋಡಿರಿ! ಕೊಂಡಾದರೂ ಅದನ್ನು ಮನೆಗೆ ತಂದುಕೊಳ್ಳುತ್ತದೆ. ತಂದು ಕತ್ತು ಹಿಸುಕುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಎದುರಾಳಿಗಳು ತೀರಿದ ಮೇಲೆ, 2013ರಿಂದ ಅಡೋಬಿಯ ಹೊಸ ಆವೃತ್ತಿಗಳು ಕೊಳ್ಳುವ ಸರಕಾಗಿ ಉಳಿಯಲಿಲ್ಲ, ಬಾಡಿಗೆಯ ಸರಕಾದವು. ದುಡ್ಡು ಕಟ್ಟುವವರೆಗೆ ಮಾತ್ರ ಉಪಕರಣ ನಿನ್ನದು. ಬಾಡಿಗೆ ಬಿಟ್ಟುಹೋಗುವವರ ಮೇಲೆ ಬೀಳುವ ದಂಡವನ್ನು ಮರೆಮಾಚಿತೆಂದು ಅಮೆರಿಕಾ ಸರಕಾರವೇ 2024ರ ಜೂನಿನಲ್ಲಿ ಈ ಕಂಪೆನಿಯ ಮೇಲೆ ದಾವೆ ಹೂಡಿತು. ಗೇಣಿದಾರನ ಕಷ್ಟ ಬಲ್ಲ ನಮ್ಮ ನಾಡಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ಉಳುವವನಿಗೆ ಭೂಮಿ ಎಂದು ಹೋರಾಡಿದವರ ಮಕ್ಕಳು ಇಂದು ಮೌಸಿಗೆ ಗೇಣಿ ಕಟ್ಟುತ್ತಿದ್ದಾರೆ.

ಹಳೆಯದು ಹೋಗಿ ಹೊಸದು ಬರುವುದು ಪ್ರಗತಿಯಲ್ಲವೇ ಎಂದು ಕಂಪೆನಿಯ ವಕೀಲರು ಕೇಳಿಯಾರು. ಪ್ರಗತಿಗೆ ನಾವು ವೈರಿಗಳಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಅದರಲ್ಲಿ ಕಟ್ಟಿದ ಕನ್ನಡ ಇಂದಿನ ಫೋನುಗಳಲ್ಲಿ ನೇರವಾಗಿ ಓದಿಸಿಕೊಳ್ಳದು. ಈ ಕೊರತೆಗಳನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಟ್ರೆಡಲ್ ಯಂತ್ರದ ತಯಾರಕ ಅಂಗಡಿ ಮುಚ್ಚಿದರೂ ಯಂತ್ರ ನಿಲ್ಲುತ್ತಿರಲಿಲ್ಲ. ಸವೆದ ಭಾಗವನ್ನು ಊರಿನ ಲೇತ್ ಕೆಲಸದವನು ಕಡೆದು ಕೊಡುತ್ತಿದ್ದ. ತಂತ್ರಾಂಶವನ್ನು ಹಾಗೆ ರಿಪೇರಿ ಮಾಡಲು ಅದರ ಒಳಗಿನ ಬರಹ, ಅಂದರೆ ಸೋರ್ಸ್ ಕೋಡ್, ಕೈಗೆ ಸಿಗಬೇಕು. ಅದು ಕಂಪೆನಿಯ ಪೆಟ್ಟಿಗೆಯಲ್ಲಿ ಬೀಗ ಬಿದ್ದು ಕುಳಿತಿದೆ. ತಾನೂ ಬೆಳೆಸದು, ಬೇರೆಯವರಿಗೂ ಬಿಡದು. ಹುಲ್ಲಿನ ಬಣವೆಯ ಮೇಲೆ ಮಲಗಿದ ನಾಯಿಯ ನ್ಯಾಯ ಇದು.

ಇನ್ನು ಕೆಲವರು, ನಮ್ಮ ಅಂಗಡಿಗಳಲ್ಲಿ ಓಡಿದ್ದು ಕಳ್ಳ ಪ್ರತಿಗಳೇ ತಾನೆ, ಅವರಿಗೆ ಅಳುವ ಹಕ್ಕೆಲ್ಲಿ ಎನ್ನುತ್ತಾರೆ. ಸರಿ, ಹಣ ಕೊಟ್ಟು ರಸೀತಿ ಪಡೆದವನಿಗೆ ಸಿಕ್ಕಿದ್ದೇನು? ಅವನಿಗೂ ಅದೇ ಬೀಗ, ಅದೇ ಬಾಗಿಲು. ಪೇಜ್‌ಮೇಕರಿಗೆ ಬೆಲೆ ಕಟ್ಟಿದವರು ಕಂಪೆನಿಯವರಷ್ಟೇ ಅಲ್ಲ. ರಾತ್ರಿಯೆಲ್ಲ ಕಣ್ಣು ಕೆಂಪು ಮಾಡಿಕೊಂಡು ಅದರ ಒಂದೊಂದು ಕೀಲಿಯನ್ನೂ ಬೆರಳಿಗೆ ಕಲಿಸಿದ ದುಡಿಮೆಗಾರನೂ ಬೆಲೆ ಕಟ್ಟಿದ್ದಾನೆ. ಆ ಕೌಶಲವನ್ನು ಒಂದು ಪ್ರಕಟಣೆಯಿಂದ ರದ್ದಿಗೆ ಹಾಕುವ ಅಧಿಕಾರ ಯಾವ ಮಾಲೀಕನಿಗೂ ಇರಕೂಡದು.

ದಾರಿಯಿಲ್ಲವೇ? ಇದೆ. ನೆರೆಯ ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷದ ದಿನಪತ್ರಿಕೆ ಜನಯುಗಂ 2019ರಲ್ಲಿ ತನ್ನ ಪುಟ ಕಟ್ಟುವ ಕೆಲಸವನ್ನೆಲ್ಲ ಸ್ವತಂತ್ರ ತಂತ್ರಾಂಶಗಳಿಗೆ ವರ್ಗಾಯಿಸಿತು. ಅಲ್ಲಿ ಪುಟ ಕಟ್ಟುವುದು ಸ್ಕ್ರೈಬಸ್‌ನಲ್ಲಿ. ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಯಾರೂ ಅದನ್ನು ಕೊಂಡು ಕೊಲ್ಲಲಾರರು. 2024ರ ಅದರ 1.6 ಆವೃತ್ತಿ ಭಾರತೀಯ ಲಿಪಿಗಳನ್ನೂ ಜೋಡಿಸಬಲ್ಲುದು. ಪಕ್ಷ ಬೇರೆಯಾದರೂ ಪಾಠ ನಮಗೂ ಸಲ್ಲುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಂಪೆನಿಯೊಂದು ತಂತ್ರಾಂಶವನ್ನು ಕೈಬಿಟ್ಟರೆ ಅದರ ಸೋರ್ಸ್ ಕೋಡ್ ಸಾರ್ವಜನಿಕರದಾಗಬೇಕೆಂದು ಕಾನೂನಾಗಲಿ. ರಾಜ್ಯ ಸರಕಾರ ಡಿಟಿಪಿ ಕೆಲಸಗಾರರಿಗೆ ಸ್ವತಂತ್ರ ತಂತ್ರಾಂಶಗಳ ತರಬೇತಿಯನ್ನು ಜಿಲ್ಲೆ ಜಿಲ್ಲೆಯಲ್ಲಿ, ಕನ್ನಡದಲ್ಲಿ, ಉಚಿತವಾಗಿ ನೀಡಲಿ. ಹಳೆಯ ಕಡತಗಳಲ್ಲಿ ಸಿಕ್ಕಿಬಿದ್ದ ಪುಸ್ತಕಗಳನ್ನು, ಸಂಘಗಳ ಸ್ಮರಣಸಂಚಿಕೆಗಳನ್ನು ಯೂನಿಕೋಡಿಗೆ ತರುವ ಹೊಣೆ ಹೊರಲಿ. ಮುದ್ರಣ ಕಾರ್ಮಿಕರು ಸರಕಾರದ ಮುಖ ನೋಡುತ್ತ ಕೂರದೆ ಸಂಘಟಿತರಾಗಲಿ. ಒಬ್ಬ ಕಲಿತದ್ದನ್ನು ಹತ್ತು ಜನಕ್ಕೆ ಕಲಿಸಲಿ.

ಪೇಜ್‌ಮೇಕರ್, ನಮ್ಮ ಕರಪತ್ರಗಳಿಗೆ ಮೈಕೊಟ್ಟದ್ದಕ್ಕೆ ನಿನಗೆ ನಮಸ್ಕಾರ. ಮಾಲೀಕನ ಬೀಗದೊಳಗಿನ ಉಪಕರಣವನ್ನು ನಂಬಿ ಇನ್ನೊಂದು ಪೀಳಿಗೆ ಬೀದಿಗೆ ಬೀಳಲು ನಾವು ಬಿಡಲಾರೆವು.